ಯಾವ ಬೂತುಗ, ಯಾವ ಅಮೋಘವರ್ಷ? ಒಂದೇ ಹೆಸರಿನ ಅರಸರನ್ನು ಬಿಡಿಸಿ ಗುರುತಿಸುವ ಸಮಗ್ರ ಮಾರ್ಗದರ್ಶಿ

"ಗಂಗರ ಬೂತುಗ ಅಮೋಘವರ್ಷನ ಅಳಿಯ." ಜಾತ್ರೆಯ ಸ್ಮರಣ ಸಂಚಿಕೆಯೊಂದಕ್ಕೆ ಲೇಖನ ಬರೆಯುವಾಗ ಈ ಸಾಲು ಬರೆದು ನಾನು ಪೇಚಿಗೆ ಸಿಕ್ಕಿದ್ದೆ. ಅಮೋಘವರ್ಷ ಅಂದ ಕೂಡಲೇ ರಾಷ್ಟ್ರಕೂಟರ ನೃಪತುಂಗ ಅಂತ ಕೈ ತಾನಾಗಿ ಬರೆದುಬಿಟ್ಟಿತ್ತು. ಮುಂದಿನ ಸಾಲಲ್ಲಿ ಅದೇ ಬೂತುಗನನ್ನು ರಾಷ್ಟ್ರಕೂಟರು ಚೋಳರ ಮೇಲೆ ಕಾದಿದ ತಕ್ಕೋಲದ ಯುದ್ಧಕ್ಕೂ ಕಳಿಸಿದ್ದೆ. ಓದಿದ ನಿವೃತ್ತ ಮೇಷ್ಟ್ರೊಬ್ಬರು ಕರೆದು ಕೇಳಿದರು: "ಅಲ್ಲಪ್ಪಾ, ನೃಪತುಂಗ ತೀರಿಕೊಂಡಿದ್ದು 878ರಲ್ಲಿ. ತಕ್ಕೋಲದ ಯುದ್ಧ ಆಗಿದ್ದು 949ರಲ್ಲಿ. ನಿನ್ನ ಅಳಿಯದೇವರು ಎಷ್ಟನೇ ವಯಸ್ಸಲ್ಲಿ ಆನೆ ಹತ್ತಿದರು?"

ತಮಾಷೆ ಏನೆಂದರೆ ನನ್ನ ಮೊದಲ ಸಾಲು ಸುಳ್ಳಾಗಿರಲಿಲ್ಲ. ಎರಡು ಸಲ ನಿಜವಾಗಿತ್ತು! ಒಬ್ಬ ಬೂತುಗ ನೃಪತುಂಗನ ಮಗಳು ಚಂದ್ರಬ್ಬಲಬ್ಬೆಯನ್ನು ಮದುವೆಯಾದ. ಎರಡು ಮೂರು ತಲೆಮಾರು ಕಳೆದ ಮೇಲೆ ಇನ್ನೊಬ್ಬ ಬೂತುಗ ಇನ್ನೊಬ್ಬ ಅಮೋಘವರ್ಷನ ಮಗಳು ರೇವಕನಿಮ್ಮಡಿಯನ್ನು ಮದುವೆಯಾದ. ಅದೇ ಎರಡು ಮನೆತನ, ಅದೇ ಹೆಸರು, ಅದೇ ಸಂಬಂಧ. ಇಂಥ ಗಂಟುಗಳನ್ನು ಬಿಡಿಸುವ ದಾರಿಯನ್ನು ಅಲ್ಲಿಂದೀಚೆಗೆ ಒಂದೊಂದಾಗಿ ಕಲಿತೆ. ನಿಮ್ಮೂರಿನ ಕಲ್ಲಿನ ಮೇಲೆ "ಪೆರ್ಮಾನಡಿ" ಅಂತಲೋ "ವಿಕ್ರಮ ಸಾಂತರ" ಅಂತಲೋ ಕಂಡು "ಇವನು ಯಾವನು?" ಅನ್ನಿಸಿದ್ದರೆ ಈ ಬರಹ ನಿಮಗೇ.

ಮೊದಲಿಗೆ: ಸಂಖ್ಯೆಯನ್ನು ಪಕ್ಕಕ್ಕಿಡಿ

ಒಂದನೇ ಬೂತುಗ, ಮೂರನೇ ಕೃಷ್ಣ, ಆರನೇ ವಿಕ್ರಮಾದಿತ್ಯ. ಈ ಸಂಖ್ಯೆಗಳು ಯಾವ ಕಲ್ಲಿನ ಮೇಲೂ ಇಲ್ಲ. ಇವೆಲ್ಲ ಇತ್ತೀಚಿನ ಇತಿಹಾಸಕಾರರು ತಮ್ಮ ಅನುಕೂಲಕ್ಕೆ ಅಂಟಿಸಿದ ಚೀಟಿಗಳು. ಕಲ್ಯಾಣದ ಚಾಲುಕ್ಯರಲ್ಲಿ ಐದನೇ, ಆರನೇ ವಿಕ್ರಮಾದಿತ್ಯರು ಇದ್ದಾರಲ್ಲ, ಮೊದಲ ಇಬ್ಬರು ಬಾದಾಮಿಯವರು. ಮೂರು ಮತ್ತು ನಾಲ್ಕನೆಯವರು ಮುಖ್ಯವಾಗಿ ಮುಂದಿನವರು ಬರೆಸಿದ ವಂಶಾವಳಿಯಲ್ಲಿ ಸಿಗುವ ಹೆಸರುಗಳು. ರಾಷ್ಟ್ರಕೂಟರ ಕಾಲ ಮಧ್ಯದಲ್ಲಿ ಬಂದುಹೋದರೂ ಎಣಿಕೆ ಮಾತ್ರ ನಿಂತಿಲ್ಲ.

ಇದರ ತೊಂದರೆ ಗೊತ್ತಾಗುವುದು ಎರಡು ಪುಸ್ತಕ ಒಟ್ಟಿಗೆ ತೆರೆದಾಗ. ಬಂಕಾಪುರದಲ್ಲಿ ಸಲ್ಲೇಖನ (ಜೈನರ ಉಪವಾಸದ ಮರಣವ್ರತ) ಮಾಡಿ ಪ್ರಾಣ ಬಿಟ್ಟ ಗಂಗ ಮಾರಸಿಂಹ ಒಂದರಲ್ಲಿ ಎರಡನೇ ಮಾರಸಿಂಹ, ಇನ್ನೊಂದರಲ್ಲಿ ಮೂರನೇ ಮಾರಸಿಂಹ. ಮನುಷ್ಯ ಒಬ್ಬನೇ. "ನೊಳಂಬಕುಲಾಂತಕ ಮಾರಸಿಂಹ" ಅಂದರೆ ಯಾರಿಗೂ ಗೊಂದಲ ಇಲ್ಲ. ಹಾಗಾಗಿ ಸಂಖ್ಯೆ ಹಾಕುವುದನ್ನು ಕೊನೆಯ ಕೆಲಸ ಮಾಡಿಕೊಳ್ಳಿ.

ಹೆಸರು ಯಾಕೆ ಮರುಕಳಿಸುತ್ತಿತ್ತು ಅಂತ ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಅಜ್ಜನ ಹೆಸರು ಮೊಮ್ಮಗನಿಗೆ ಇಡುವುದು ನಮ್ಮ ಮನೆಗಳಲ್ಲಿ ಇವತ್ತಿಗೂ ಇದೆ. ಊರಲ್ಲಿ ದೊಡ್ಡ ಬಸಪ್ಪ, ಸಣ್ಣ ಬಸಪ್ಪ, ಮೇಲ್ಮನೆ ಬಸಪ್ಪ ಅಂತ ಬಿಡಿಸಿ ಕರೆಯುತ್ತೇವೆ. ಕಲ್ಲಲ್ಲೂ ಆ "ಮೇಲ್ಮನೆ" ಇರುತ್ತದೆ. ಅದನ್ನು ಹುಡುಕುವುದೇ ಕೆಲಸ.

ಹಂತ 1: ಪಾಠವನ್ನು ಇದ್ದಹಾಗೇ ಇಳಿಸಿಕೊಳ್ಳಿ

ಕಲ್ಲು ನೇರ ನೋಡುವುದಾದರೆ ಬೆಳಿಗ್ಗೆ ಅಥವಾ ಸಂಜೆ ಹೋಗಿ. ಓರೆ ಬಿಸಿಲಲ್ಲಿ ಅಕ್ಷರದ ಗುಂಡಿಗೆ ನೆರಳು ಬಿದ್ದು ಎದ್ದು ಕಾಣುತ್ತದೆ. ನಡುಹಗಲಲ್ಲಿ ಹೋದರೆ ಬರೀ ಕಲ್ಲು ಕಾಣುತ್ತದೆ. ಸುಣ್ಣ, ಚಾಕ್‌ಪೀಸ್, ಎಣ್ಣೆ ಹಚ್ಚಬೇಡಿ. ಹಚ್ಚಿದವರು ತಮಗೆ ತೋಚಿದ ಅಕ್ಷರವನ್ನೇ ತಿದ್ದಿಬಿಟ್ಟಿರುತ್ತಾರೆ, ಮುಂದಿನವರು ಅದನ್ನೇ ಓದುತ್ತಾರೆ. ಸ್ವಲ್ಪ ನೀರು ಚಿಮುಕಿಸಿ ಮೃದು ಬ್ರಷ್‌ನಲ್ಲಿ ಧೂಳು ತೆಗೆದರೆ ಸಾಕು.

ನಿಮ್ಮ ಊರಿನ ಶಾಸನ ಆಗಲೇ ಅಚ್ಚಾಗಿರುವ ಸಾಧ್ಯತೆ ಜಾಸ್ತಿ. ನಮ್ಮ ನಾಡಿನ ಶಾಸನಗಳನ್ನು ಅಚ್ಚು ಹಾಕಿದ ಎಪಿಗ್ರಾಫಿಯಾ ಕರ್ನಾಟಿಕಾದ ಸಂಪುಟಗಳಲ್ಲಿ ತಾಲ್ಲೂಕು ಹಿಡಿದು ಹುಡುಕಿ. ಸಿಕ್ಕರೆ ಅನುವಾದ ಓದಿ ನಿಲ್ಲಿಸದೆ ಕನ್ನಡ ಪಾಠವನ್ನೇ ಓದಿ. ಅನುವಾದಕರು ಕೆಲವು ಕಡೆ ಸಂಖ್ಯೆ ಸೇರಿಸಿರುತ್ತಾರೆ, ಕೆಲವು ಕಡೆ ಬಿರುದುಗಳನ್ನು "ಇತ್ಯಾದಿ" ಅಂತ ನುಂಗಿರುತ್ತಾರೆ. ನಮಗೆ ಬೇಕಾದ್ದು ಆ ಇತ್ಯಾದಿಯಲ್ಲೇ ಇರುತ್ತದೆ.

ಹಂತ 2: ಹೆಸರಿನ ಸರವನ್ನು ಬಿಡಿಬಿಡಿ ಮಾಡಿ

ಗಂಗರ ಶಾಸನಗಳಲ್ಲಿ ಮತ್ತೆ ಮತ್ತೆ ಬರುವ ಸಾಲು ನೋಡಿ: "ಸತ್ಯವಾಕ್ಯ ಕೊಂಗುಣಿವರ್ಮ ಧರ್ಮಮಹಾರಾಜಾಧಿರಾಜ ಕುವಳಾಲಪುರವರೇಶ್ವರ ನಂದಗಿರಿನಾಥ ಶ್ರೀಮತ್ ಪೆರ್ಮಾನಡಿಗಳ್". ಇಷ್ಟುದ್ದ ಓದಿದ ಮೇಲೆ ಅರಸ ಯಾರೆಂದು ಗೊತ್ತಾಯಿತೇ? ಇಲ್ಲ! ಇದರಲ್ಲಿ ಸ್ವಂತ ಹೆಸರು ಒಂದೂ ಇಲ್ಲ.

ಕೊಂಗುಣಿವರ್ಮ ವಂಶದ ಮೂಲಪುರುಷನ ಹೆಸರು. ಆಮೇಲೆ ಬಂದವರಿಗೆಲ್ಲ ಅದೇ ಬಿರುದಾಯಿತು. ಕುವಳಾಲ ಅಂದರೆ ಕೋಲಾರ, ನಂದಗಿರಿ ಅಂದರೆ ನಂದಿಬೆಟ್ಟ. ಇವು ಮನೆತನದ ಗುರುತು. ಪೆರ್ಮಾನಡಿ ಎನ್ನುವುದು ಗೌರವದ ಪದವಿ, ಸಾಲಾಗಿ ಎಲ್ಲರಿಗೂ ಇತ್ತು. ಉಳಿದದ್ದು ಸತ್ಯವಾಕ್ಯ, ಅದು ಪಟ್ಟದ ಹೆಸರು. ಗಂಗರು ಒಂದು ಕಾಲದಲ್ಲಿ ಎರಡು ಪಟ್ಟದ ಹೆಸರುಗಳನ್ನು ಸರದಿ ಮೇಲೆ ಇಟ್ಟುಕೊಂಡರು: ಒಬ್ಬ ಸತ್ಯವಾಕ್ಯ, ಅವನ ನಂತರದವನು ನೀತಿಮಾರ್ಗ, ಮತ್ತೆ ಸತ್ಯವಾಕ್ಯ. ಸುಮಾರಾಗಿ ಹೇಳುವುದಾದರೆ 816ರಿಂದ ರಾಚಮಲ್ಲ ಸತ್ಯವಾಕ್ಯ, 843ರಿಂದ ಎರೆಗಂಗ ನೀತಿಮಾರ್ಗ, 870ರಿಂದ ಇನ್ನೊಬ್ಬ ರಾಚಮಲ್ಲ ಸತ್ಯವಾಕ್ಯ, 907ರಿಂದ ಎರೆಯಪ್ಪ ನೀತಿಮಾರ್ಗ. ಹತ್ತನೇ ಶತಮಾನದಲ್ಲಿ ಈ ಸರದಿ ಕೆಟ್ಟುಹೋಯಿತು. ಹಾಗಾಗಿ ಅದನ್ನೇ ಕಣ್ಣುಮುಚ್ಚಿ ನಂಬಿ ಲೆಕ್ಕ ಹಾಕಬೇಡಿ.

ರಾಷ್ಟ್ರಕೂಟರಲ್ಲಿ ಪಟ್ಟದ ಹೆಸರುಗಳೆಲ್ಲ ಮಳೆ ಸುರಿಸುತ್ತವೆ: ಅಕಾಲವರ್ಷ, ಪ್ರಭೂತವರ್ಷ, ನಿತ್ಯವರ್ಷ, ಧಾರಾವರ್ಷ, ಅಮೋಘವರ್ಷ. ಕೃಷ್ಣ ಎಂಬ ಹೆಸರಿನವನು ಬಹುಮಟ್ಟಿಗೆ ಅಕಾಲವರ್ಷನೇ. ನೃಪತುಂಗನಿಗೆ ಶರ್ವ ಎಂಬ ಹೆಸರಿತ್ತು. ಮೂರನೇ ಕೃಷ್ಣನ ಅಪ್ಪ ಅಮೋಘವರ್ಷನ ಮನೆಮಾತಿನ ಹೆಸರು ಬದ್ದೆಗ. ನಾನು ಆ ದಿನ ಬದ್ದೆಗ ಅನ್ನುವ ಮೂರಕ್ಷರ ನೆನಪಿಟ್ಟುಕೊಂಡಿದ್ದರೆ ಮೇಷ್ಟ್ರ ಕೈಲಿ ಅನ್ನಿಸಿಕೊಳ್ಳುವುದು ತಪ್ಪುತ್ತಿತ್ತು.

ಒಂದು ಕಾಗದದ ಮೇಲೆ ಐದು ಕಾಲಂ ಎಳೆಯಿರಿ: ಸ್ವಂತ ಹೆಸರು, ಪಟ್ಟದ ಹೆಸರು, ಪದವಿ, ಮನೆತನದ ಗುರುತು, ಸಾಹಸದ ಬಿರುದು. ಕಲ್ಲಿನ ಪ್ರತಿಯೊಂದು ಪದವೂ ಎಲ್ಲಾದರೂ ಒಂದು ಕಡೆ ಕೂರಬೇಕು. ಕೊನೆಯ ಕಾಲಂ ಬಂಗಾರ, ಯಾಕೆಂದರೆ ಸಾಹಸ ಒಬ್ಬನದೇ ಆಗಿರುತ್ತದೆ. "ತಲಕಾಡುಗೊಂಡ" ಅಂದರೆ ಹೊಯ್ಸಳ ವಿಷ್ಣುವರ್ಧನ. ಆದರೆ ಮಗ, ಮೊಮ್ಮಗ ಅಪ್ಪನ ಬಿರುದನ್ನೂ ಆಸ್ತಿಯಂತೆ ಹೊತ್ತುಕೊಂಡು ತಿರುಗುವುದುಂಟು. ಹೊಯ್ಸಳರಲ್ಲಿ "ವಿಷ್ಣುವರ್ಧನ" ಎನ್ನುವುದೇ ಮುಂದಿನವರಿಗೆ ಬಿರುದಾಯಿತು.

ಹಂತ 3: "ತತ್ಪಾದಪದ್ಮೋಪಜೀವಿ" ಎಲ್ಲಿದೆ ನೋಡಿ

ಚಾಲುಕ್ಯರ ಕಾಲದ ಸಾಮಂತರ ಶಾಸನ ಓದುವಾಗ ನಾನು ಮೊದಲು ಹುಡುಕುವುದು ಈ ಒಂದು ಪದವನ್ನು. ಬಾಗಿಲಿನ ತಿರುಗಣಿ ಇದ್ದಹಾಗೆ ಇದು. ಇದರ ಮುಂಚೆ ಬರುವುದು ಚಕ್ರವರ್ತಿ: "ಸಮಸ್ತಭುವನಾಶ್ರಯ ಶ್ರೀಪೃಥ್ವೀವಲ್ಲಭ ಮಹಾರಾಜಾಧಿರಾಜ..." ಅಂತ ಶುರುವಾಗಿ ಅವನ ರಾಜ್ಯ ಚಂದ್ರಸೂರ್ಯರಿರುವವರೆಗೆ ನಡೆಯಲಿ ಅನ್ನುವ ತನಕ. ಇದರ ನಂತರ ಬರುವವನು "ಅವನ ಪಾದಪದ್ಮವನ್ನು ನಂಬಿ ಬದುಕುವವನು", ಅಂದರೆ ಸಾಮಂತ. "ಸಮಧಿಗತ ಪಂಚಮಹಾಶಬ್ದ ಮಹಾಮಂಡಲೇಶ್ವರ" ಅಂತ ಅವನ ಸಾಲು ತೆರೆಯುತ್ತದೆ.

ಈ ತಿರುಗಣಿ ಯಾಕೆ ಮುಖ್ಯ? ಸಾಮಂತರು ಒಡೆಯನ ಬಿರುದನ್ನೇ ತಮ್ಮ ಹೆಸರಿನ ಮುಂದೆ ಹಾಕಿಕೊಳ್ಳುತ್ತಿದ್ದರು. ತಿರುಗಣಿಗೆ ಮುಂಚೆ "ತ್ರಿಭುವನಮಲ್ಲ" ಬಂದರೆ ಅದು ಚಾಲುಕ್ಯ ಚಕ್ರವರ್ತಿ. ನಂತರ ಬಂದರೆ ಅದು ಸಾಲ ತಂದ ಒಡವೆ. ಹೊಯ್ಸಳ ವಿನಯಾದಿತ್ಯನೂ ತ್ರಿಭುವನಮಲ್ಲ, ವಿಷ್ಣುವರ್ಧನನೂ ತ್ರಿಭುವನಮಲ್ಲ.

ಚಾಲುಕ್ಯ ಚಕ್ರವರ್ತಿಗಳ, "ಮಲ್ಲ" ಎಂದು ಮುಗಿಯುವ ಬಿರುದುಗಳ ಪಟ್ಟಿಯನ್ನು ಗೋಡೆಗೆ ಅಂಟಿಸಿಕೊಳ್ಳಿ. ಇಸವಿಗಳು ಒಂದೆರಡು ವರ್ಷ ಆಚೀಚೆ ಆಗಬಹುದು:

ಜಗದೇಕಮಲ್ಲ – ಜಯಸಿಂಹ, 1015–1042. ಮತ್ತೆ ಇನ್ನೊಬ್ಬ ಜಗದೇಕಮಲ್ಲ, 1138–1151.
ತ್ರೈಲೋಕ್ಯಮಲ್ಲ – ಆಹವಮಲ್ಲ ಸೋಮೇಶ್ವರ, 1042–1068. ಮತ್ತೆ ತೈಲಪ, 1151–1163.
ಭುವನೈಕಮಲ್ಲ – ಅವನ ಮಗ ಸೋಮೇಶ್ವರ, 1068–1076.
ತ್ರಿಭುವನಮಲ್ಲ – ವಿಕ್ರಮಾದಿತ್ಯ, 1076–1126. ಮತ್ತೆ ಕೊನೆಯ ಸೋಮೇಶ್ವರ, 1184–1200.
ಭೂಲೋಕಮಲ್ಲ – ಸೋಮೇಶ್ವರ, 1126–1138.

ನಾಲ್ವರು ಸೋಮೇಶ್ವರರಿಗೆ ನಾಲ್ಕು ಬೇರೆ ಮಲ್ಲ ಇರುವುದು ಗಮನಿಸಿ. ಹೆಸರು ಗೊಂದಲ ಮಾಡಿದ ಕಡೆ ಬಿರುದು ಬಿಡಿಸುತ್ತದೆ. ಬಿರುದು ಎರಡು ಸಲ ಬಂದ ಕಡೆ ಇಸವಿ ಬಿಡಿಸಬೇಕು.

ಹಂತ 4: ಕಾಲ ಲೆಕ್ಕ ಹಾಕಿ

ಇಲ್ಲಿ ಸ್ವಲ್ಪ ಹೊತ್ತು ಕೂರಬೇಕು. ಅರ್ಧ ಗಂಟುಗಳು ಇಲ್ಲೇ ಬಿಚ್ಚುತ್ತವೆ.

ಶಕ ವರ್ಷಕ್ಕೆ 78 ಕೂಡಿದರೆ ಕ್ರಿಸ್ತಶಕ. ವರ್ಷ ಶುರುವಾಗುವುದು ಚೈತ್ರದಲ್ಲಿ, ಹಾಗಾಗಿ ಪುಷ್ಯದ ಕೊನೆ, ಮಾಘ, ಫಾಲ್ಗುಣದ ತಿಥಿಯಾದರೆ 79 ಕೂಡಿ. ಇಷ್ಟು ಎಲ್ಲರಿಗೂ ಗೊತ್ತು. ಆದರೆ ಶಾಸನದಲ್ಲಿ ಕೊಟ್ಟಿರುವ ಶಕ ಕಳೆದುಹೋದ ವರ್ಷವೋ ನಡೆಯುತ್ತಿರುವ ವರ್ಷವೋ ಅನ್ನುವುದೇ ಪ್ರಶ್ನೆ. ಅದನ್ನು ತೀರ್ಮಾನ ಮಾಡುವುದು ಸಂವತ್ಸರದ ಹೆಸರು.

ಲೆಕ್ಕ ಸುಲಭ. ಕಳೆದ ಶಕ ವರ್ಷಕ್ಕೆ 12 ಕೂಡಿ, 60ರಿಂದ ಭಾಗಿಸಿ, ಉಳಿದ ಶೇಷವೇ ಸಂವತ್ಸರದ ಸಂಖ್ಯೆ. ಶೇಷ ಸೊನ್ನೆ ಬಂದರೆ ಅರವತ್ತನೆಯದಾದ ಅಕ್ಷಯ. ಬೇಲೂರು ದೇವಾಲಯದ ಶಾಸನದಲ್ಲಿ ಶಕ 1039, ಹೇವಿಳಂಬಿ. 1039ಕ್ಕೆ 12 ಸೇರಿದರೆ 1051. 60ರಿಂದ ಭಾಗಿಸಿದರೆ ಶೇಷ 31. ಪ್ರಭವ, ವಿಭವ, ಶುಕ್ಲ ಅಂತ ಬೆರಳು ಮಡಿಸುತ್ತಾ ಬನ್ನಿ, 31ನೆಯದು ಹೇವಿಳಂಬಿಯೇ. ಇಸವಿ 1117. ಮನೆಯಲ್ಲಿ ಸಂವತ್ಸರ ಬಾಯಿಪಾಠ ಇರುವ ಅಜ್ಜಿ ಇದ್ದರೆ ಪಕ್ಕದಲ್ಲಿ ಕೂರಿಸಿಕೊಳ್ಳಿ, ಕ್ಯಾಲ್ಕುಲೇಟರ್‌ಗಿಂತ ವೇಗ.

ಈಗ ಆತಕೂರಿನ ಕಲ್ಲಿಗೆ ಬನ್ನಿ. ಮಂಡ್ಯ ಜಿಲ್ಲೆ ಮದ್ದೂರು ತಾಲ್ಲೂಕಿನ ಊರು, ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಕಾಳಿ ಎಂಬ ಬೇಟೆನಾಯಿಗಾಗಿ ನಿಲ್ಲಿಸಿದ ಕಲ್ಲು ಅದು. ಹಂದಿಯ ಜೊತೆ ಕಾದಾಡಿ ಎರಡೂ ಸತ್ತವು, ಕಲ್ಲಿನ ಮೇಲೆ ಎರಡರ ಚಿತ್ರವೂ ಇದೆ. ಅದರ ಮೇಲೆ ಶಕ 872, ಸೌಮ್ಯ ಸಂವತ್ಸರ ಎಂದಿದೆ. ಲೆಕ್ಕ ಹಾಕಿ: 872ಕ್ಕೆ 12 ಸೇರಿದರೆ 884, ಶೇಷ 44. ಅದು ಸಾಧಾರಣ. ಸೌಮ್ಯ 43ನೆಯದು. ಒಂದು ವರ್ಷ ಜಾರಿದೆ! ಕಲ್ಲು ಕೆತ್ತಿದವನು ತಪ್ಪು ಮಾಡಿದ ಅಂತ ಬರೆದುಕೊಳ್ಳಬೇಡಿ. 872 ಆಗ ನಡೆಯುತ್ತಿದ್ದ ವರ್ಷ, ಕಳೆದದ್ದು 871. ಅದಕ್ಕೆ 78 ಕೂಡಿದರೆ 949. ಹಾಗಾಗಿ ಇದನ್ನು 949–50 ಅನ್ನುತ್ತಾರೆ.

ಇನ್ನೂ ಹಳೆಯ ಶಾಸನಗಳಲ್ಲಿ ಗುರುವಿನ ಚಲನೆಯ ಮೇಲೆ ಸಂವತ್ಸರ ಎಣಿಸುವ ಪದ್ಧತಿ ಇತ್ತು. ಅಲ್ಲಿ ಈ ಸೂತ್ರ ಕೈಕೊಡಬಹುದು. ತಿಥಿ, ವಾರ, ಗ್ರಹಣ ಕೊಟ್ಟಿದ್ದರೆ ಪಂಚಾಂಗದ ತಂತ್ರಾಂಶಕ್ಕೆ ಹಾಕಿ ತಾಳೆ ನೋಡಿ.

ಶಕ ಇಲ್ಲದೆ "ಚಾಳುಕ್ಯ ವಿಕ್ರಮ ವರ್ಷ" ಕಂಡರೆ ಖುಷಿಪಡಿ. ವಿಕ್ರಮಾದಿತ್ಯ 1076ರಲ್ಲಿ ಪಟ್ಟಕ್ಕೆ ಬಂದು ತನ್ನದೇ ಶಕೆ ಹಾಕಿಕೊಂಡ. ಕೊಟ್ಟ ಸಂಖ್ಯೆಗೆ 1075 ಕೂಡಿದರೆ ಮುಗಿಯಿತು.

ಬರೀ ಸಂವತ್ಸರ ಇದ್ದು ಶಕ ಒಡೆದುಹೋಗಿದ್ದರೆ? ಅರವತ್ತು ವರ್ಷಕ್ಕೊಮ್ಮೆ ಅದೇ ಹೆಸರು ಬರುತ್ತದಲ್ಲ, ಹಾಗಾಗಿ ಬರಬಹುದಾದ ಇಸವಿಗಳನ್ನೆಲ್ಲ ಬರೆದುಕೊಳ್ಳಿ. "ತ್ರಿಭುವನಮಲ್ಲ, ಪಿಂಗಳ ಸಂವತ್ಸರ" ಎಂದಿಟ್ಟುಕೊಳ್ಳಿ. ಪಿಂಗಳ ಬರುವುದು 1077, 1137, 1197ರಲ್ಲಿ. 1137ರಲ್ಲಿ ಇದ್ದವನು ಭೂಲೋಕಮಲ್ಲ, ಅವನು ಹೊರಗೆ. ಉಳಿದದ್ದು 1077ರ ವಿಕ್ರಮಾದಿತ್ಯ, 1197ರ ಕೊನೆಯ ಸೋಮೇಶ್ವರ. 1197ರ ಹೊತ್ತಿಗೆ ಚಾಲುಕ್ಯರ ಕೈಯಲ್ಲಿ ಉಳಿದಿದ್ದ ನೆಲ ಬಹಳ ಕಮ್ಮಿ. ನಿಮ್ಮ ಊರು ಅದರೊಳಗಿತ್ತಾ ನೋಡಿ. ವಿಕ್ರಮಾದಿತ್ಯ ಆಳಿದ್ದು ಐವತ್ತು ವರ್ಷ, ಅರವತ್ತು ತುಂಬಲಿಲ್ಲ. ಹಾಗಾಗಿ ಅವನ ಕಾಲದಲ್ಲಿ ಯಾವ ಸಂವತ್ಸರವೂ ಎರಡು ಸಲ ಬಂದಿಲ್ಲ. ಇದು ನಮ್ಮ ಅದೃಷ್ಟ.

ಹಂತ 5: ನೆಂಟರನ್ನು ಕೇಳಿ

ಊರಲ್ಲಿ ಯಾರನ್ನಾದರೂ ಗುರುತಿಸಬೇಕಾದರೆ "ಯಾರ ಮಗ?" ಅಂತ ತಾನೇ ಕೇಳುವುದು? ಇಲ್ಲೂ ಅದೇ.

ಆತಕೂರಿನ ಕಲ್ಲನ್ನೇ ಮತ್ತೆ ತೆಗೆದುಕೊಳ್ಳಿ. ಅದರಲ್ಲಿ ನಾಲ್ಕು ಹೆಸರು ಬರುತ್ತವೆ, ನಾಲ್ಕೂ ಆಯಾ ಮನೆತನದಲ್ಲಿ ಒಂದಕ್ಕಿಂತ ಹೆಚ್ಚು ಜನಕ್ಕಿದ್ದ ಹೆಸರು: ಅಮೋಘವರ್ಷ, ಕೃಷ್ಣ, ರಾಚಮಲ್ಲ, ಬೂತುಗ. ಕೃಷ್ಣನನ್ನು ಕಲ್ಲು "ಕನ್ನರದೇವ" ಅನ್ನುತ್ತದೆ, ಅಮೋಘವರ್ಷದೇವನ ಪಾದಪಂಕಜದ ದುಂಬಿ ಅನ್ನುತ್ತದೆ. ತಕ್ಕೋಲದಲ್ಲಿ ಚೋಳ ರಾಜಾದಿತ್ಯನ ಮೇಲೆ ಕಾದಿದ್ದನ್ನು ಹೇಳುತ್ತದೆ. ಕಾಲ 949. ಹಾಗಾದರೆ ಈ ಕನ್ನರ 939ರಲ್ಲಿ ಪಟ್ಟಕ್ಕೆ ಬಂದ ಮೂರನೇ ಕೃಷ್ಣ. ಅವನ ಅಪ್ಪ ಬದ್ದೆಗ ಅಮೋಘವರ್ಷ, ಅಂದರೆ ಮೂರನೆಯವನು. ದುಂಬಿ ಕೂತದ್ದು ನೃಪತುಂಗನ ಪಾದದ ಮೇಲಲ್ಲ.

ರಾಚಮಲ್ಲ? ಕಲ್ಲೇ ಹೇಳುತ್ತದೆ: ಎರೆಯಪ್ಪನ ಮಗ ರಾಚಮಲ್ಲನನ್ನು ಬೂತುಗ ಕಾದಿ ಕೊಂದು ತೊಂಬತ್ತಾರು ಸಾವಿರವನ್ನು, ಅಂದರೆ ಗಂಗವಾಡಿ ನಾಡನ್ನು, ಆಳುತ್ತಿದ್ದ. "ಎರೆಯಪ್ಪನ ಮಗ" ಎಂಬ ಒಂದೇ ಮಾತು ಉಳಿದ ರಾಚಮಲ್ಲರನ್ನೆಲ್ಲ ಹೊರಗೆ ಕಳಿಸಿತು. ಬೂತುಗನೂ ಎರೆಯಪ್ಪನ ಮಗನೇ. ಅಣ್ಣತಮ್ಮಂದಿರ ಜಗಳ ಅದು.

ಉಳಿದವನು ಬೂತುಗ. ಮೊದಲ ಬೂತುಗ ನೃಪತುಂಗನ ಕಾಲದವನು, ಅವನಿಗೆ ಗುಣದುತ್ತರಂಗ ಎಂಬ ಬಿರುದು. ಈ ಬೂತುಗ ಕನ್ನರನ ಅಕ್ಕ ರೇವಕನಿಮ್ಮಡಿಯ ಗಂಡ, ನನ್ನಿಯ ಗಂಗ, ಗಂಗಗಾಂಗೇಯ. ರಾಜಾದಿತ್ಯನನ್ನು ಕೊಂದದ್ದಕ್ಕೆ ಕನ್ನರ ಇವನಿಗೆ ಬನವಾಸಿ 12000, ಬೆಳ್ವೊಲ 300, ಪುರಿಗೆರೆ 300 ಮುಂತಾದ ನಾಡುಗಳನ್ನು ಕೊಟ್ಟ (ಆ ಸಂಖ್ಯೆ ನಾಡಿನ ಹೆಸರಿನ ಜೊತೆಗೇ ಬರುವಂಥದ್ದು). ಬೂತುಗ ತನ್ನ ಬಂಟ ಮಣಲೆರನಿಗೆ ಏನು ಬೇಕು ಕೇಳು ಅಂದಾಗ ಅವನು ಕೇಳಿದ್ದು ಕಾಳಿ ನಾಯಿಯನ್ನು. ಆ ಕಲ್ಲಿಗೆ ಪೂಜೆ ಮಾಡದೆ ಉಂಡ ಪೂಜಾರಿಗೆ ನಾಯಿಯ ಪಾಪ ಸುತ್ತಿಕೊಳ್ಳಲಿ ಅಂತಲೂ ಬರೆಸಿದ್ದಾರೆ. ಅಷ್ಟೂ ಹೆಸರುಗಳಲ್ಲಿ ಸಂಖ್ಯೆ ಬೇಡದೆ ಗುರುತು ಸಿಗುವುದು ಕಾಳಿಗೆ ಮಾತ್ರ!

ಹೆಂಡತಿ, ತಾಯಿ, ಅಕ್ಕತಂಗಿಯರ ಹೆಸರನ್ನು ದಾಟಿಕೊಂಡು ಹೋಗಬೇಡಿ. ಗಂಡಸರ ಹೆಸರು ಮನೆತನದೊಳಗೇ ಸುತ್ತುತ್ತವೆ. ಹೆಣ್ಣುಮಕ್ಕಳು ಬೇರೆ ಮನೆಯಿಂದ ಬಂದವರು, ಅವರ ಹೆಸರು ಅಷ್ಟು ಮರುಕಳಿಸುವುದಿಲ್ಲ. ಗೋವೆಯ ಕದಂಬರಲ್ಲಿ ಮೂವರು ಜಯಕೇಶಿಗಳು. ಹೆಂಡತಿ ಮೈಳಲದೇವಿ, ಚಾಲುಕ್ಯ ವಿಕ್ರಮಾದಿತ್ಯನ ಮಗಳು ಅಂತ ಇದ್ದರೆ ಅವನು ಎರಡನೆಯವನು. ಲೆಕ್ಕ ಮುಗಿಯಿತು.

ಹಂತ 6: ಊರು, ನಾಡು

"ಪುರವರಾಧೀಶ್ವರ" ನೋಡಿ ಅವನು ಆ ಊರಲ್ಲಿ ಕೂತು ಆಳುತ್ತಿದ್ದ ಅಂದುಕೊಳ್ಳಬೇಡಿ. ಅದು ನಮ್ಮ ಇನಿಷಿಯಲ್‌ನಲ್ಲಿರುವ ಊರಿನ ಹಾಗೆ. ಸವದತ್ತಿಯ ರಟ್ಟರು "ಲತ್ತಲೂರು ಪುರವರಾಧೀಶ್ವರ", ಕಳಚುರಿಗಳು "ಕಾಲಂಜರ", ಶಿಲಾಹಾರರು "ತಗರ", ಹೊಯ್ಸಳರು "ದ್ವಾರಾವತಿ". ಇದರಿಂದ ಮನೆತನ ಗೊತ್ತಾಗುತ್ತದೆ. ಅವನ ಕೈಯಲ್ಲಿ ನಿಜಕ್ಕೂ ಇದ್ದ ನೆಲ ಬೇಕಾದರೆ ಸಂಖ್ಯೆ ಇರುವ ನಾಡು ಹುಡುಕಿ: ಗಂಗವಾಡಿ 96000, ನೊಳಂಬವಾಡಿ 32000, ಸಾಂತಳಿಗೆ 1000.

ಹಂತ 7: ಉಚ್ಚಾರ ಮತ್ತು ಲಿಪಿ

ಕೃಷ್ಣ ಕನ್ನರನಾಗುತ್ತಾನೆ, ಗೋವಿಂದ ಗೊಜ್ಜಿಗ, ಧ್ರುವ ಧೋರ, ಕರ್ಕ ಕಕ್ಕ. ರಾಚಮಲ್ಲನೇ ರಾಜಮಲ್ಲ. ಬೇರೆ ಮನುಷ್ಯರು ಅಂತ ಎರಡು ಚೀಟಿ ಮಾಡಿಕೊಳ್ಳಬೇಡಿ.

ಪಕಾರ ಹಕಾರವಾಗುವುದು ಒಳ್ಳೆ ಸುಳಿವು. ಪೆರ್ಮಾನಡಿ ಹಳೆಯ ರೂಪ, ಆಮೇಲೆ ಪೆರ್ಮಾಡಿ, ಮತ್ತೂ ಆಮೇಲೆ ಹೆಮ್ಮಾಡಿ. ಪೊಂಬುರ್ಚ ಹೊಂಬುಜವಾಗಿ ಹುಂಚ ಆದದ್ದೂ ಇದೇ ದಾರಿಯಲ್ಲಿ. ಲಿಪಿ ನೋಡಿ ಶತಮಾನ ಹೇಳಬಹುದು, ಇಸವಿ ಹೇಳಲು ಆಗದು. ಅಪ್ಪ ಮಗನನ್ನು ಅಕ್ಷರದ ಬಾಗಿನಿಂದ ಬೇರೆ ಮಾಡುತ್ತೇನೆ ಅನ್ನುವವರನ್ನು ನಾನಂತೂ ನಂಬುವುದಿಲ್ಲ.

ಹಂತ 8: ಪದವಿ ಮನೆ ಬದಲಾಯಿಸಿದೆಯೇ?

ಪೆರ್ಮಾಡಿ ಅಂದ ಮಾತ್ರಕ್ಕೆ ಗಂಗ ಆಗಬೇಕಿಲ್ಲ. ಚಾಲುಕ್ಯ ವಿಕ್ರಮಾದಿತ್ಯ ಇನ್ನೂ ರಾಜಕುಮಾರನಾಗಿ ಅಪ್ಪನ ಕೈಕೆಳಗೆ ಗಂಗವಾಡಿ ನೋಡಿಕೊಳ್ಳುತ್ತಿದ್ದಾಗ "ಚಾಲುಕ್ಯ ಗಂಗ ಪೆರ್ಮಾನಡಿ" ಅನ್ನಿಸಿಕೊಂಡ. ನೆಲದ ಜೊತೆ ಬಿರುದೂ ಬಂತು. ಕಳಚುರಿ ಬಿಜ್ಜಳನ ಅಪ್ಪನೂ ಪೆರ್ಮಾಡಿ. ಗೋವೆಯ ಕದಂಬರ ಶಿವಚಿತ್ತನೂ ಪೆರ್ಮಾಡಿ, ಯಲಬುರ್ಗಿಯ ಸಿಂದರಲ್ಲೂ ಪೆರ್ಮಾಡಿ. ಒಂದು ಮನೆಯ ಪದವಿ ಇನ್ನೊಂದು ಮನೆಯಲ್ಲಿ ಸ್ವಂತ ಹೆಸರಾಗಿ ಕೂತಿತು. ಎರಡನೇ ಹಂತದ ನಿಮ್ಮ ಕಾಗದದಲ್ಲಿ ಮನೆತನದ ಕಾಲಂ ಖಾಲಿ ಇದ್ದು ಪದವಿ ಮಾತ್ರ ತುಂಬಿದ್ದರೆ ತೀರ್ಪು ಕೊಡಬೇಡಿ.

ಹಾಗೇ, ಕಲ್ಲಿನಲ್ಲಿರುವವನು ಆಗ ಪಟ್ಟದಲ್ಲಿದ್ದನೇ, ಯುವರಾಜನೇ, ಸತ್ತಿದ್ದನೇ ಅಂತಲೂ ನೋಡಿ. ತಾಮ್ರಪಟವಾದರೆ ಇನ್ನೂ ಹುಷಾರು. ಗಂಗರ ಹೆಸರಲ್ಲಿ ಹುಟ್ಟಿದ ಕೂಟಶಾಸನಗಳು, ಅಂದರೆ ನಕಲಿ ಶಾಸನಗಳು, ಒಂದೆರಡಲ್ಲ. ಯಾರೋ ಆಮೇಲಿನವರು ಜಮೀನಿಗೆ ಹಳೆಯ ಹಕ್ಕು ತೋರಿಸಲು ಹಳೆಯ ಅರಸನ ಹೆಸರು ಹಾಕಿಸಿದ್ದು. ಹೇಳುವ ಕಾಲ ಒಂದು, ಲಿಪಿಯ ಕಾಲ ಇನ್ನೊಂದು ಆದರೆ ಅನುಮಾನಪಡಿ.

ಹಂತ 9: ಪಟ್ಟಿ ಮಾಡಿ, ಹೊಡೆದುಹಾಕಿ, ಬರೆಯಿರಿ

ಆ ಹೆಸರಿನವರನ್ನೆಲ್ಲ ಒಂದರ ಕೆಳಗೆ ಒಂದು ಬರೆಯಿರಿ. ಕಾಲ, ಒಡೆಯ, ನೆಂಟಸ್ತಿಕೆ, ನಾಡು ನೋಡಿ ಹೊಂದದವರನ್ನು ಹೊಡೆಯಿರಿ. ಯಾವ ಕಾರಣಕ್ಕೆ ಹೊಡೆದಿರಿ ಅಂತ ಪಕ್ಕದಲ್ಲೇ ಬರೆದಿಡಿ. ಆರು ತಿಂಗಳಾದ ಮೇಲೆ ಸುಮ್ನೆ ತಲೆ ಕೆರೆದುಕೊಳ್ಳುವುದು ತಪ್ಪುತ್ತದೆ.

ಕೊನೆಯಲ್ಲಿ ಇಬ್ಬರು ಉಳಿದರೆ ಇಬ್ಬರನ್ನೂ ಬರೆಯಿರಿ. ದೊಡ್ಡಹುಂಡಿಯ ನಿಸಿದಿಗಲ್ಲು (ಸತ್ತವರ ನೆನಪಿನ ಕಲ್ಲು) ಗಂಗರ ನೀತಿಮಾರ್ಗ ಪೆರ್ಮಾನಡಿಯ ಸಾವಿನದು. ಮಂಚದ ಮೇಲೆ ಅರಸ, ಹಿಂದೆ ಸೇವಕ, ಎದುರಿಗೆ ಮಗ, ಹೀಗೆ ಸಾವಿನ ಮನೆಯ ಚಿತ್ರವನ್ನೇ ಕಡೆದಿದ್ದಾರೆ. ಅದಕ್ಕೆ 840 ಅಂತಲೂ 869 ಅಂತಲೂ ಎರಡು ಕಾಲ ಚಾಲ್ತಿಯಲ್ಲಿವೆ. ಅಷ್ಟು ಸ್ಪಷ್ಟವಾದ ಕಲ್ಲಿಗೇ ಹೀಗೆ, ನಮ್ಮ ಸವೆದ ಕಲ್ಲಿಗೆ ನಾಚಿಕೆ ಯಾಕೆ?

ಬರೆಯುವಾಗ ಸಂಖ್ಯೆಯ ಜೊತೆ ಇನ್ನೊಂದು ಗುರುತು ಸೇರಿಸಿ. "ಎರಡನೇ ಬೂತುಗ" ಅಂತ ಬಿಡುವ ಬದಲು "ಎರೆಯಪ್ಪನ ಮಗ, ಮೂರನೇ ಕೃಷ್ಣನ ಭಾವ ಎರಡನೇ ಬೂತುಗ" ಅಂದರೆ ನಾಳೆ ಯಾರಾದರೂ ಸಂಖ್ಯೆ ಬದಲಾಯಿಸಿದರೂ ನಿಮ್ಮ ಸಾಲು ಉಳಿಯುತ್ತದೆ.

ಅಭ್ಯಾಸಕ್ಕೆ: ಹುಂಚದ ಇಬ್ಬರು ವಿಕ್ರಮ ಸಾಂತರರು

ಕೈ ಪಳಗಿಸಿಕೊಳ್ಳಲು ಶಿವಮೊಗ್ಗ ಜಿಲ್ಲೆಯ ಹುಂಚಕ್ಕಿಂತ ಒಳ್ಳೆ ಜಾಗ ನನಗೆ ಗೊತ್ತಿಲ್ಲ. ಸಾಂತರರು ಅಲ್ಲಿ ಆಳಿದ ಜೈನ ಮನೆತನ. ಇವರ ಪದ್ಧತಿ ಸರಳ: ಒಂದು ಗುಣ, ಅದರ ಮುಂದೆ ಸಾಂತರ. ವೀರ ಸಾಂತರ, ಭುಜಬಲ ಸಾಂತರ, ನನ್ನಿ ಸಾಂತರ, ವಿಕ್ರಮ ಸಾಂತರ. ಒಬ್ಬನ ಗುಣ ಮುಂದೆ ಇನ್ನೊಬ್ಬನಿಗೂ ಬಂದೇ ಬರುತ್ತದೆ.

ಗುಡ್ಡದ ಬಸದಿ ಕಟ್ಟಿಸಿದವನು ವಿಕ್ರಮ ಸಾಂತರ. ಪಂಚಕೂಟ ಬಸದಿಯ ಕಾಲದಲ್ಲೂ ಒಬ್ಬ ವಿಕ್ರಮ ಸಾಂತರ. ಒಬ್ಬನೇ ಅಂತ ಹೇಳಿಬಿಡುವ ಮಾರ್ಗದರ್ಶಕರನ್ನು ನಾನೇ ಕೇಳಿದ್ದೇನೆ. ಹಂತ ಹಂತವಾಗಿ ಹೋಗಿ. ಮೊದಲನೆಯವನಿಗೆ "ತೋಲಾಪುರುಷ" ಎಂಬ ಬಿರುದಿದೆ, ಕಾಲ 897. ಆಗ ಒಡೆಯರು ರಾಷ್ಟ್ರಕೂಟರು, ಪಟ್ಟದಲ್ಲಿದ್ದವನು ಎರಡನೇ ಕೃಷ್ಣ. ಎರಡನೆಯದಕ್ಕೆ ಶಕ 999, ಪಿಂಗಳ. 999ಕ್ಕೆ 12 ಸೇರಿದರೆ 1011, ಶೇಷ 51. ಪಿಂಗಳ 51ನೆಯದೇ. ಇಸವಿ 1077, ಒಡೆಯ ತ್ರಿಭುವನಮಲ್ಲ. ಸಾಂತರರಿಗೆ ಈಗ "ಮಹಾಮಂಡಲೇಶ್ವರ, ಪಟ್ಟಿಪೊಂಬುರ್ಚಪುರವರೇಶ್ವರ, ಪದ್ಮಾವತೀಲಬ್ಧವರಪ್ರಸಾದ" ಎಂಬ ಉದ್ದ ಸರ ಬಂದಿದೆ. ಮಹಾಮಂಡಲೇಶ್ವರ ಎಂಬ ಪದವಿ ಎಲ್ಲೆಲ್ಲೂ ಕಾಣುವುದು ಹನ್ನೊಂದನೇ ಶತಮಾನದಿಂದ.

ಇನ್ನು ನೆಂಟರು. ಚಟ್ಟಲದೇವಿ ಎಂಬ ಗಂಗರ ಹೆಣ್ಣುಮಗಳು ತೀರಿಕೊಂಡ ತಂಗಿಯ ನಾಲ್ಕು ಮಕ್ಕಳನ್ನು ತನ್ನ ಮಕ್ಕಳಂತೆ ಸಾಕಿದಳು: ತೈಲ, ಗೊಗ್ಗಿಗ, ಒಡ್ಡಿಗ, ಬರ್ಮ. ತೈಲ ಭುಜಬಲ ಸಾಂತರನಾದ, ಗೊಗ್ಗಿಗ ನನ್ನಿ ಸಾಂತರನಾದ, ಒಡ್ಡಿಗ ವಿಕ್ರಮ ಸಾಂತರನಾದ. ಆ ಮಕ್ಕಳನ್ನು ಜೊತೆಗಿಟ್ಟುಕೊಂಡೇ ಅವಳು ಪಂಚಕೂಟ ಬಸದಿ ಕಟ್ಟಿಸಿದ್ದು. ಹೀಗಾಗಿ ನನ್ನ ನೋಟ್‌ಬುಕ್ಕಿನಲ್ಲಿ ಇಬ್ಬರಿಗೂ ಸಂಖ್ಯೆಯೇ ಇಲ್ಲ. ಒಬ್ಬ "ಗುಡ್ಡದ ಬಸದಿಯ ವಿಕ್ರಮ ಸಾಂತರ". ಇನ್ನೊಬ್ಬ "ಚಟ್ಟಲದೇವಿ ಸಾಕಿದ ಒಡ್ಡಿಗ".